ಹಬ್ಬದ ಮರುದಿನ

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯು ವಿಜಯಪುರ ಸೀಮೆಯ ಒಕ್ಕಲುಮಕ್ಕಳಿಗೆ ಬಹು ಪ್ರಿಯವಾದ ಹಬ್ಬ. ಹಿಂಗಾರಿಯ ಬಿಳಿಜೋಳವು ಎತ್ತರಕ್ಕೆ ಬೆಳೆದು ತೆನೆಗಟ್ಟುವ ಕಾಲವದು. ತಿಕೋಟಾ, ಬಬಲೇಶ್ವರಗಳ ಯರೆಹೊಲಗಳಿಗೆ ಅಂದು ಮನೆಮಂದಿಯೆಲ್ಲರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಕಲ್ಲುಗಳನ್ನಿಟ್ಟು ಪೂಜಿಸುತ್ತಾರೆ. ತಂದ ಅಡಿಗೆಯಲ್ಲಿ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಚರಗವೆಂದು ಚೆಲ್ಲಿ, ಮೊದಲು ಭೂತಾಯಿಗೆ ಉಣಿಸಿ, ಅನಂತರ ತಾವು ಉಣ್ಣಲು ಕೂಡುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆ, ಬದನೆಯ ಎಣ್ಣೆಗಾಯಿ, ಪುಂಡಿಯ ಪಲ್ಯ, ಬಗೆಬಗೆಯ ಹಿಂಡಿ, ಗಟ್ಟಿ ಮೊಸರು, ಜೋಳದ ಬಾನ. ಪೇಟೆಯಿಂದ ನೆಂಟರನ್ನೂ ಗೆಳೆಯರನ್ನೂ ಕರೆತಂದು ಬಡಿಸುವುದೇ ಆ ದಿನದ ಹೆಮ್ಮೆ. ಸಾಕೆಂದು ಕೈ ಅಡ್ಡ ಹಿಡಿದವನ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಅದರ ಮೇಲೆ ತುಪ್ಪವೂ ಬೀಳುತ್ತದೆ. ಉಂಡವನು ಗಿಡದ ನೆರಳಿನಲ್ಲಿ ಮೈಚಾಚುತ್ತಾನೆ. ಸಂಜೆ ಎದ್ದು, ಹಸಿವಿಲ್ಲದಿದ್ದರೂ, ಬುಟ್ಟಿಯಲ್ಲಿ ಉಳಿದುದನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ.

ಇದರಲ್ಲಿ ದೋಷವೆಣಿಸುವುದು ಅರಸಿಕತನ. ಈ ನೆಲದ ಚರಿತ್ರೆಯನ್ನು ಬಲ್ಲವರು ಆ ತುಂಬಿದ ಎಲೆಯ ಅರ್ಥವನ್ನೂ ಬಲ್ಲರು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರಾಂತವು ತತ್ತರಿಸಿಹೋಯಿತು; 1972ರ ಬರವನ್ನು ಕಣ್ಣಾರೆ ಕಂಡ ಹಿರಿಯರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ. ಡೋಣಿ ಹರಿದರೆ ಓಣಿಯೆಲ್ಲ ಕಾಳೆಂಬ ನಾಣ್ಣುಡಿಯನ್ನು ಎಲ್ಲರೂ ಹೇಳುತ್ತಾರೆ. ಡೋಣಿ ಹರಿಯದ ವರ್ಷದಲ್ಲಿ ಓಣಿಯ ಸ್ಥಿತಿ ಏನೆಂಬುದನ್ನು ಆ ನುಡಿಯು ಬಾಯಿಬಿಟ್ಟು ಹೇಳದೆಯೇ ಸೂಚಿಸುತ್ತದೆ. ವರ್ಷದುದ್ದಕ್ಕೂ ಜೋಳದ ರೊಟ್ಟಿ, ಹಿಂಡಿ, ಒಂದಿಷ್ಟು ಬೇಳೆಯ ಮೇಲೆ ಬದುಕಿದ ಕುಟುಂಬವು ಒಂದು ದಿನ ಮನಸಾರೆ ಉಂಡರೆ ಅದನ್ನು ಭೋಗಲಾಲಸೆಯೆನ್ನಲಾಗದು. ಅದು ಕೃತಜ್ಞತೆಯ ಒಂದು ರೂಪ. ಆದುದರಿಂದ ಹಬ್ಬವನ್ನು ಆಕ್ಷೇಪಿಸುವುದು ಇಲ್ಲಿಯ ಉದ್ದೇಶವಲ್ಲ. ವಿಚಾರಿಸಬೇಕಾದುದು ಹಬ್ಬದ ಮರುದಿನವನ್ನು.

ಹಬ್ಬದ ದಿನಕ್ಕೆ ವಿಧಿಯಿದೆ, ಸಂಪ್ರದಾಯವಿದೆ, ಪಂಚಾಂಗವಿದೆ. ಮರುದಿನಕ್ಕೆ ಯಾವುದೂ ಇಲ್ಲ. ತಿಕೋಟಾದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಐವತ್ತು ದಾಟಿದ ವಯಸ್ಸು. ಮಧುಮೇಹವಿದೆಯೆಂದು ವೈದ್ಯರು ಹೇಳಿ ಎರಡು ವರ್ಷಗಳಾಗಿವೆ. ಹೊತ್ತಿಗೆ ಸರಿಯಾಗಿ ಊಟ, ಬೆಳಗಿನ ನಡಿಗೆ, ಮಾತ್ರೆ, ಲಿಂಗಪೂಜೆ ಎಲ್ಲವೂ ಒಂದು ಕ್ರಮಕ್ಕೆ ಬಂದಿದ್ದವು. ಅಮಾವಾಸ್ಯೆಯ ದಿನ ಆ ಕ್ರಮವು ಕುಸಿಯಿತು. ಮರುದಿನ ಬೆಳಗಾದಾಗ ಹೊಟ್ಟೆ ಭಾರ, ತಲೆ ಭಾರ. ಅದಕ್ಕಿಂತ ಹೆಚ್ಚಾಗಿ ಮನಸ್ಸು ಭಾರ. ಅವನ ಮುಂದೆ ಮೂರು ಹಾದಿಗಳು ಕಾಣುತ್ತವೆ. ಮೊದಲನೆಯದು, ಕೆಟ್ಟದ್ದು ಕೆಟ್ಟೇ ಹೋಯಿತು, ಇನ್ನು ಸಂಕ್ರಾಂತಿ ಮುಗಿದ ಮೇಲೆ ನೋಡೋಣವೆಂದು ಬುಟ್ಟಿಯಲ್ಲಿ ಉಳಿದ ಹೋಳಿಗೆಗೆ ಕೈಹಾಕುವುದು. ಎರಡನೆಯದು, ನಿನ್ನೆಯ ಪಾಪಕ್ಕೆ ಇಂದು ಪ್ರಾಯಶ್ಚಿತ್ತವೆಂದು ನೀರನ್ನೂ ಮುಟ್ಟದೆ ಉಪವಾಸ ಬೀಳುವುದು. ಮೂರನೆಯದು ಹೊರಗಿನವರಿಗೆ ಕಾಣದು. ಅವನು ಸ್ನಾನ ಮಾಡುತ್ತಾನೆ, ಆದರೆ ಕರಡಿಗೆಯನ್ನು ತೆರೆಯುವುದಿಲ್ಲ. ನೇಮ ತಪ್ಪಿದವನು ಯಾವ ಮುಖದಿಂದ ಲಿಂಗವನ್ನು ನೋಡಬೇಕೆಂದು ಹಿಂಜರಿಯುತ್ತಾನೆ. ಒಂದು ದಿನದ ಆ ಹಿಂಜರಿಕೆಯು ಎರಡು ದಿನವಾಗಿ, ವಾರವಾಗಿ, ಕೊನೆಗೆ ಅಭ್ಯಾಸವೇ ಆಗಿಬಿಡುತ್ತದೆ. ಹೀಗೆ ಪೂಜೆಯನ್ನು ಬಿಟ್ಟ ಸಜ್ಜನರು ಎಷ್ಟೋ ಮಂದಿ. ಅವರು ನಾಸ್ತಿಕರಾಗಿ ಬಿಟ್ಟವರಲ್ಲ, ನಾಚಿ ಬಿಟ್ಟವರು.

ಈ ಮೂರೂ ಹಾದಿಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಅವುಗಳ ಬೇರು ಒಂದೇ. ಮೂವರೂ ನಿನ್ನೆಯ ದಿನವನ್ನೇ ಬದುಕುತ್ತಿದ್ದಾರೆ. ಇಂದಿನ ತುತ್ತು ಯಾರ ಕಣ್ಣಿಗೂ ಬಿದ್ದಿಲ್ಲ.

ಮೊದಲು ದೇಹದ ಮಾತು. ಏಕೆಂದರೆ ಶರಣರು ದೇಹವನ್ನು ತುಚ್ಛವೆಂದು ತಳ್ಳಿದವರಲ್ಲ, ಅದನ್ನು ದೇಗುಲವೆಂದು ಕಂಡವರು. ಒಂದು ದಿನ ಅತಿಯಾಗಿ ಉಂಡರೆ ಶರೀರದಲ್ಲಿ ಆಗುವುದೇನು? ಎಣ್ಣೆ ತುಪ್ಪಗಳ ಊಟವು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದರಿಂದ ಹುಳಿತೇಗು, ನಿದ್ರಾಭಂಗ, ಜಡತೆ. ಉಪ್ಪು ಹೆಚ್ಚಾದುದರಿಂದ ಶರೀರವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಸಕ್ಕರೆಗಳ ಒಂದು ಭಾಗವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುವಾಗ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಜೊತೆಯಲ್ಲಿ ಸೇರಿಸಿಕೊಳ್ಳುತ್ತದೆ. ಆದುದರಿಂದಲೇ ಮರುದಿನ ತೂಕದ ಯಂತ್ರದ ಮೇಲೆ ನಿಂತವನಿಗೆ ಒಂದೆರಡು ಕಿಲೋ ಏರಿದಂತೆ ಕಂಡು ಎದೆ ಒಡೆಯುತ್ತದೆ. ಅದರಲ್ಲಿ ಬಹುಪಾಲು ನೀರು, ಇನ್ನೂ ಜೀರ್ಣವಾಗದ ಅನ್ನ, ಕೊಬ್ಬು ಅತ್ಯಲ್ಪ. ಎಂದಿನ ಊಟಕ್ಕೂ ಎಂದಿನ ದುಡಿಮೆಗೂ ಮರಳಿದರೆ ಕೆಲವೇ ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಆರೋಗ್ಯವಂತನ ಶರೀರವು ಒಂದು ದಿನದ ಅತಿರೇಕವನ್ನು ಕ್ಷಮಿಸುತ್ತದೆ. ಅದು ಕ್ಷಮಿಸದೆ ಇರುವುದು ಆ ಒಂದು ದಿನವನ್ನು ಹಿಗ್ಗಿಸುತ್ತ ಹೋಗುವುದನ್ನು.

ಆದರೆ ರೋಗಿಯ ವಿಷಯವು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಈ ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮೇಲೆಂದು ಅಂದಾಜು ಮಾಡಿತು. ಅಂದರೆ ಹಬ್ಬದ ಪಂಕ್ತಿಯಲ್ಲಿ ಕುಳಿತವರಲ್ಲಿ ಇಂಥವರು ಇದ್ದೇ ಇರುತ್ತಾರೆ. ಅವರಿಗೆ ಹೋಳಿಗೆಯಿಂದ ಬರುವ ಕೇಡು ಎಲ್ಲರಿಗೂ ಗೊತ್ತು. ಉಪವಾಸದಿಂದ ಬರುವ ಕೇಡು ಬಹುಜನಕ್ಕೆ ಗೊತ್ತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವನು, ಅಥವಾ ಸಕ್ಕರೆಯಂಶವನ್ನು ಬಲವಾಗಿ ತಗ್ಗಿಸುವ ಕೆಲವು ಮಾತ್ರೆಗಳನ್ನು ನುಂಗುವವನು, ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ಊಟವನ್ನು ಬಿಟ್ಟು ಮದ್ದನ್ನು ಮಾತ್ರ ತೆಗೆದುಕೊಂಡರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿದು, ಬೆವರಿ, ನಡುಗಿ, ಪ್ರಜ್ಞೆ ತಪ್ಪಿ ಬೀಳಬಹುದು. ನಿನ್ನೆ ಹೆಚ್ಚು ಉಂಡೆನೆಂದು ವೈದ್ಯರನ್ನು ಕೇಳದೆ ಇಂದು ಎರಡು ಮಾತ್ರೆ ನುಂಗುವುದೂ ಅಷ್ಟೇ ಅಪಾಯಕರ. ಉಪವಾಸವನ್ನು ಪುಣ್ಯವೆಂದು ಬಗೆದ ಮನೆಯವರು ಇದನ್ನು ತಡೆಯುವುದೂ ಇಲ್ಲ.

ಇನ್ನು ಮನಸ್ಸಿನ ಮಾತು. ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಹಾಲಿನ ಸಿಹಿಪಾನೀಯವನ್ನು ಕೊಟ್ಟು, ಅನಂತರ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಆಹಾರದ ಬಗ್ಗೆ ಯಾವ ಕಟ್ಟುಪಾಡನ್ನೂ ಇಟ್ಟುಕೊಳ್ಳದವರು ಸಿಹಿಪಾನೀಯವನ್ನು ಕುಡಿದುದರಿಂದ ಹೊಟ್ಟೆ ತುಂಬಿ, ಐಸ್‌ಕ್ರೀಮನ್ನು ಕಡಿಮೆ ತಿಂದರು. ಇದು ಸಹಜ. ಆದರೆ ತೂಕದ ಭಯದಿಂದ ಸದಾ ತಮ್ಮನ್ನು ಬಿಗಿಹಿಡಿದುಕೊಂಡಿದ್ದವರು ಅದನ್ನು ಕುಡಿದ ಮೇಲೆ, ಕುಡಿಯದೆ ಇದ್ದಾಗಿಗಿಂತಲೂ ಹೆಚ್ಚು ತಿಂದರು! ಕಟ್ಟು ಮುರಿಯಿತೆಂದು ತಿಳಿದ ಕ್ಷಣವೇ ಕಟ್ಟೆಯೇ ಒಡೆಯಿತು. ಬಿಗಿತವು ಹೆಚ್ಚಿದಷ್ಟೂ ಒಡೆತವೂ ಹೆಚ್ಚೆಂಬ ಈ ಸಂಗತಿಯು ವ್ರತನೇಮಗಳನ್ನು ನಂಬಿದ ಸಮಾಜವು ಕುಳಿತು ಯೋಚಿಸಬೇಕಾದುದು. ಏಕಾದಶಿಯ ಉಪವಾಸವನ್ನು ದ್ವಾದಶಿಯ ಪಾರಣೆಯು ಹೇಗೆ ನುಂಗಿಹಾಕುತ್ತದೆಂಬುದನ್ನು ಕನ್ನಡನಾಡಿನ ಹಳ್ಳಿಗರು ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಬಲ್ಲರು. ಇಂತಿಂಥ ದಿನ ಉಣ್ಣಬಾರದು, ಇಂತಿಂಥ ದಿನ ಉಣ್ಣಬೇಕೆಂಬ ದಿನಗಳ ಗುಲಾಮಗಿರಿಯನ್ನು ವಚನಕಾರರು ತಿರಸ್ಕರಿಸಿದುದಕ್ಕೆ ಕಾರಣಗಳು ಹಲವಿದ್ದಾವು. ಮನುಷ್ಯಸ್ವಭಾವದ ಈ ಅರಿವೂ ಅವುಗಳಲ್ಲಿ ಒಂದಾಗಿರಬಹುದು.

ಹಾಗಾದರೆ ನೇಮವೇ ಬೇಡವೆ? ಬೇಡವೆಂದು ಶರಣಧರ್ಮವು ಎಂದೂ ಹೇಳಿಲ್ಲ. ಇಲ್ಲಿ ಷಟ್‌ಸ್ಥಲದ ಕ್ರಮವನ್ನು ನೆನೆಯುವುದು ಉಚಿತ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದ್ದಾರೆ. ಭಕ್ತನದು ಶ್ರದ್ಧೆ, ಮಹೇಶನದು ನಿಷ್ಠೆ, ಪ್ರಸಾದಿಯದು ಅವಧಾನ. ಈ ಅನುಕ್ರಮವು ಆಕಸ್ಮಿಕವೆಂದು ತಿಳಿಯಬಾರದು. ಹಿಡಿದ ವ್ರತವನ್ನು ಪ್ರಾಣ ಹೋದರೂ ಬಿಡೆನೆಂಬ ನಿಷ್ಠೆಯು ದೊಡ್ಡದೇ. ಆದರೆ ಅದರ ಮುಂದಿನ ಮೆಟ್ಟಿಲು ಅವಧಾನ. ನಿಷ್ಠೆಯು ವ್ರತವನ್ನು ಒಂದು ಮಡಕೆಯಂತೆ ಕಾಯುತ್ತದೆ. ಮಡಕೆ ಒಡೆದ ದಿನ ಕಾಯಲು ಅದಕ್ಕೆ ಏನೂ ಉಳಿಯದು. ಅವಧಾನಕ್ಕೆ ಅಂಥ ಆಪತ್ತಿಲ್ಲ. ಅದು ಒಂದೊಂದು ತುತ್ತನ್ನೂ ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಕ್ರಿಯೆ. ಒಂದು ತುತ್ತಿನಲ್ಲಿ ಎಚ್ಚರ ತಪ್ಪಿತೆ? ಮುಂದಿನ ತುತ್ತು ಇನ್ನೂ ಕೈಯಲ್ಲಿಯೇ ಇದೆ.

ಈ ದೃಷ್ಟಿಯಿಂದ ನೋಡಿದರೆ ಅಮಾವಾಸ್ಯೆಯ ಹೊಲದಲ್ಲಿ ನಡೆದ ತಪ್ಪು ಯಾವುದೆಂಬುದು ಸ್ಪಷ್ಟವಾಗುತ್ತದೆ. ಹೋಳಿಗೆಯನ್ನು ತಿಂದುದು ತಪ್ಪಲ್ಲ. ಎರಡು ತಿಂದುದೂ ದೊಡ್ಡ ತಪ್ಪಲ್ಲ. ಮೊದಲನೆಯ ಹೋಳಿಗೆಯು ಅರ್ಪಿತವಾಗಿತ್ತು, ಅದರ ಸವಿಯನ್ನು ಉಂಡವನು ಅರಿತಿದ್ದನು. ಐದನೆಯದು ಯಾವಾಗ ಹೊಟ್ಟೆಗಿಳಿಯಿತೆಂಬುದೇ ಅವನಿಗೆ ತಿಳಿಯದು. ಮಾತಿನ ಭರದಲ್ಲಿ, ಬಡಿಸುವವರ ಒತ್ತಾಯದಲ್ಲಿ, ನಾಲಗೆಯ ಸೆಳೆತದಲ್ಲಿ ಅದು ಇಳಿದುಹೋಯಿತು. ಅದನ್ನು ಉಂಡವರು ಯಾರೂ ಇರಲಿಲ್ಲವೆಂದರೂ ಸಲ್ಲುತ್ತದೆ. ಅರ್ಪಣವಿಲ್ಲದುದು ಪ್ರಸಾದವಲ್ಲವೆಂದು ಪ್ರಸಾದಿಸ್ಥಲವು ಹೇಳುವಾಗ ಅದು ಪದಾರ್ಥದ ಮೈಲಿಗೆಯ ಮಾತಲ್ಲ; ಉಣ್ಣುವವನ ಗೈರುಹಾಜರಿಯ ಮಾತು. ಹೀಗಿರುವಾಗ ಮರುದಿನದ ಉಪವಾಸದಿಂದ ಏನು ಸಾಧಿಸಿದಂತಾಯಿತು? ನಿನ್ನೆ ಎಚ್ಚರವಿಲ್ಲದೆ ಉಂಡನು. ಇಂದು ಸಿಟ್ಟಿನಿಂದ ಉಣ್ಣದೆ ಕುಳಿತನು. ಎರಡು ದಿನವೂ ಅರ್ಪಣವು ನಡೆಯಲಿಲ್ಲ.

ಇದಕ್ಕೆ ವಿರುದ್ಧವಾಗಿ ಅಕ್ಕಮ್ಮನ ಹೆಸರನ್ನು ಹೇಳುವವರಿದ್ದಾರೆ. ವ್ರತಾಚಾರಗಳ ವಿಷಯದಲ್ಲಿ ಆ ಶರಣೆಯಷ್ಟು ಕಠೋರವಾಗಿ ನುಡಿದವರು ವಿರಳ. ಆಚಾರವೇ ಪ್ರಾಣವೆಂಬ ಮಾತನ್ನು ಆಕೆ ತನ್ನ ಅಂಕಿತದಲ್ಲಿಯೇ ಸೇರಿಸಿಕೊಂಡವಳು. ತಪ್ಪಿದ ದಿನವನ್ನು ಇಷ್ಟು ಸುಲಭವಾಗಿ ದಾಟಿಬಿಟ್ಟರೆ ಆಚಾರಕ್ಕೆ ಬೆಲೆಯೆಲ್ಲಿ ಉಳಿಯಿತು, ತಪ್ಪುವುದೇ ರೂಢಿಯಾಗದೆ ಎಂಬುದು ಆ ಪಕ್ಷದವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಮರಳಿ ಬರುವೆನೆಂಬ ಧೈರ್ಯದಿಂದಲೇ ದಾರಿ ಬಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅಕ್ಕಮ್ಮನ ಕಾಠಿಣ್ಯದಲ್ಲಿ ಒಂದು ಸೂಕ್ಷ್ಮವಿದೆ. ಹೊರಗಣ ಪದಾರ್ಥವನ್ನು ಬಿಟ್ಟು ಒಳಗಣ ಆಶೆಯನ್ನು ಬಿಡದವನ ವ್ರತವನ್ನು ಆಕೆ ವ್ರತವೆಂದು ಒಪ್ಪುವವಳಲ್ಲ. ಪ್ರಾಯಶ್ಚಿತ್ತದ ಉಪವಾಸವನ್ನು ಹಿಡಿದವನು ಸಂಜೆಯವರೆಗೆ ನೆನೆಯುವುದು ಏನನ್ನು? ಊಟವನ್ನೇ. ಹಾಗಿದ್ದರೆ ಅಕ್ಕಮ್ಮನ ಒರೆಗಲ್ಲಿನಲ್ಲಿಯೂ ಅದು ಚಿನ್ನವಾಗಿ ನಿಲ್ಲಲಾರದು.

ಈ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯಲ್ಲಿ ದೊರೆಯುತ್ತದೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಬಡದಂಪತಿಗಳು ಶೂನ್ಯಸಂಪಾದನೆಯಲ್ಲಿ ಗೌರವದ ಸ್ಥಾನವನ್ನು ಪಡೆದಿದ್ದಾರೆ. ಅವರ ವಚನಗಳು ಜನಸಾಮಾನ್ಯರ ಕೈಗೆ ಮುದ್ರಿತರೂಪದಲ್ಲಿ ದಕ್ಕಿದುದರಲ್ಲಿ ವಿಜಯಪುರದ ಋಣವೂ ಇದೆ. ಈ ನಗರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದುದರಿಂದಲೇ ಶರಣರ ಮಾತು ಓಲೆಯ ಕಟ್ಟಿನಿಂದ ಹೊರಬಂದಿತು. ಇರಲಿ. ಮಾರಯ್ಯನ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದ ಜಂಗಮದಾಸೋಹವು ನಡೆಯಬೇಕು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದುದಲ್ಲ, ಬೇಡಿದುದಲ್ಲ, ಅಂಗಳದಲ್ಲಿ ಅಂದು ಹೆಚ್ಚು ಬಿದ್ದಿತ್ತು, ಕೈ ನಿಲ್ಲಲಿಲ್ಲ. ಲೋಕದ ಯಾವ ಹೆಂಡತಿಯಾದರೂ ಹಿಗ್ಗಬೇಕಾದ ಸಮಯವದು. ಲಕ್ಕಮ್ಮನು ಹಿಗ್ಗಲಿಲ್ಲ. ಇದು ನಿಮ್ಮ ಎಂದಿನ ಮನಸ್ಸಲ್ಲವೆಂದು ಗುರುತಿಸಿದಳು. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಿರುಗಿಸಿದಳು.

ಆಕೆಯ ನುಡಿ ಕಟುವಾದುದೇ. ಆದರೆ ಆಕೆ ವಿಧಿಸದೆ ಬಿಟ್ಟುದನ್ನು ಗಮನಿಸಬೇಕು. ಇಂದು ಹೆಚ್ಚು ತಂದುದಕ್ಕೆ ನಾಳೆ ಅಕ್ಕಿಯನ್ನು ಆಯಬೇಡಿರೆಂದು ಆಕೆ ಹೇಳಲಿಲ್ಲ. ಎಂಟು ದಿನ ಉಪವಾಸವಿದ್ದು ಶುದ್ಧರಾಗಿ ಬನ್ನಿರೆನ್ನಲಿಲ್ಲ. ದಾಸೋಹವನ್ನು ನಿಲ್ಲಿಸಲಿಲ್ಲ. ಹೆಚ್ಚಾದುದು ಹಿಂದಕ್ಕೆ ಹೋಯಿತು; ಎಂದಿನಷ್ಟು ಅಕ್ಕಿಯು ಎಂದಿನಂತೆ ಒಲೆಯ ಮೇಲೇರಿತು. ಇನ್ನೊಂದು ಸಂದರ್ಭದಲ್ಲಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗಲೂ, ಕಾಯಕವು ನಿಂತಿತೆಂದು ನೆನಪಿಸಿ ಆಕೆ ಅವನನ್ನು ಎಬ್ಬಿಸಿದಳು. ಆತನು ಎದ್ದು ಹೋದನು. ತಪ್ಪಿದವನು ಪಶ್ಚಾತ್ತಾಪದ ದೀರ್ಘಪ್ರವಚನವನ್ನು ಮಾಡಿದುದಾಗಲಿ, ತಿದ್ದಿದವಳು ಅದನ್ನು ಬಯಸಿದುದಾಗಲಿ ಕಾಣಬರುವುದಿಲ್ಲ. ಇಂದಿನ ಮನೆಗಳಲ್ಲಿ, ಮಧುಮೇಹವುಳ್ಳ ಗಂಡನನ್ನು ಹಬ್ಬದ ಮರುದಿನ ಹಂಗಿಸುತ್ತಲೇ ಬುಟ್ಟಿಯಲ್ಲಿ ಉಳಿದ ಕಡುಬನ್ನು ಕಾಯಿಸಿ ಬಡಿಸುವ ಪ್ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಮಾರಯ್ಯನ ಅಕ್ಕಿ ಸೆರಗಿನಲ್ಲಿತ್ತು, ಹಿಂದಕ್ಕೆ ಸುರಿಯಬಹುದಾಗಿತ್ತು; ಹೊಟ್ಟೆಗಿಳಿದ ಹೋಳಿಗೆಯನ್ನು ಎಲ್ಲಿ ಸುರಿಯುವುದು? ಈ ಆಕ್ಷೇಪವು ನ್ಯಾಯವಾದುದು. ಹೊಟ್ಟೆಗಿಳಿದುದು ಇಳಿಯಿತು, ಅದನ್ನು ಹಿಂದಿರುಗಿಸುವ ಯಾವ ಪ್ರಯತ್ನವೂ, ಉಪವಾಸವಾಗಲಿ, ಭೇದಿಯ ಮದ್ದಾಗಲಿ, ದೇಹಕ್ಕೆ ಎಸಗುವ ಇನ್ನೊಂದು ಅಪಚಾರವೇ. ಆದರೆ ಹೊಟ್ಟೆಗೆ ಇನ್ನೂ ಇಳಿಯದ ಒಂದು ಪಾಲು ಮನೆಯಲ್ಲಿದೆ. ಎಳ್ಳ ಅಮಾವಾಸ್ಯೆಯ ಅಡಿಗೆಯನ್ನು ಒಂದು ದಿನಕ್ಕೆಂದು ಯಾರೂ ಮಾಡುವುದಿಲ್ಲ. ಸಜ್ಜೆಯ ರೊಟ್ಟಿ ಹಲವು ದಿನ ಬಾಳುತ್ತದೆ; ಶೇಂಗಾದ ಹೋಳಿಗೆ ಡಬ್ಬಿಯಲ್ಲಿ ವಾರವಿಡೀ ಇರುತ್ತದೆ; ಕರಿದ ತಿಂಡಿಗಳ ಮಾತು ಹೇಳಲೇಬೇಕಾಗಿಲ್ಲ. ಹಬ್ಬವೊಂದು ದಿನ, ಹಬ್ಬದ ಡಬ್ಬಿಯು ಎಂಟು ದಿನ. ವೈದ್ಯರು ಹೆದರುವುದು ಈ ಎಂಟು ದಿನಗಳಿಗೆ. ಲಕ್ಕಮ್ಮನು ಇಂದು ತಿಕೋಟಾದ ಒಂದು ಮನೆಯ ಅಡಿಗೆಯ ಕೋಣೆಗೆ ಬಂದರೆ ಗಂಡನ ಹೊಟ್ಟೆಯನ್ನು ಕುರಿತು ಏನನ್ನೂ ಕೇಳಳು. ನೇರವಾಗಿ ಡಬ್ಬಿಯನ್ನು ಕೈಗೆತ್ತಿಕೊಳ್ಳುವಳು. ಅದೇ ಹಿಂದಿರುಗಿಸಬಹುದಾದ ಅಕ್ಕಿ. ಹೊಲದಲ್ಲಿ ದುಡಿಯುವ ಆಳುಗಳಿಗೆ, ಹಬ್ಬಕ್ಕೆ ಊರಿಗೆ ಹೋಗಲಾಗದೆ ವಿಜಯಪುರದ ವಸತಿನಿಲಯಗಳಲ್ಲಿ ಉಳಿದ ಹುಡುಗರಿಗೆ, ದಿನವೂ ದಾಸೋಹ ನಡೆಯುವ ಮಠಕ್ಕೆ, ಹಳಸುವ ಮುನ್ನ ಅದು ತಲುಪಬೇಕು. ಹಳಸಿದ ಮೇಲೆ ಕೊಟ್ಟುದು ದಾಸೋಹವಾಗದು. ಮರುದಿನ ಬೆಳಗ್ಗೆ ಅದು ಮನೆಯಿಂದ ಹೊರಟರೆ, ನಿನ್ನೆಯ ಅತಿಭೋಜನಕ್ಕೆ ಬೇರೆ ಪ್ರಾಯಶ್ಚಿತ್ತವನ್ನು ಹುಡುಕಬೇಕಾಗಿಲ್ಲ.

ಇಷ್ಟಾದರೂ ಅಕ್ಕಮ್ಮನ ಪಕ್ಷದ ಪ್ರಶ್ನೆಯು ಪೂರ್ಣವಾಗಿ ತೀರಲಿಲ್ಲ. ಹಿಂದೆ ಹಬ್ಬಗಳು ಬೆರಳೆಣಿಕೆಯಷ್ಟಿದ್ದವು. ನಡುವೆ ಸರಳವಾದ ಊಟದ ದೀರ್ಘಕಾಲವಿತ್ತು. ಇಂದು ಎಳ್ಳ ಅಮಾವಾಸ್ಯೆಯ ಬುತ್ತಿ ಅರಗುವುದರೊಳಗೆ ಭೋಗಿ ಬರುತ್ತದೆ, ಸಂಕ್ರಾಂತಿ ಬರುತ್ತದೆ, ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಮಿಠಾಯಿಯಂಗಡಿಗಳು ಸಾಲುಗಟ್ಟುತ್ತವೆ. ಅವುಗಳ ಜೊತೆಗೆ ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ. ಯಾವುದೂ ಇಲ್ಲದ ದಿನ ಹೆದ್ದಾರಿಯ ಬದಿಯ ಖಾನಾವಳಿ. ವಾರಕ್ಕೆ ಮೂರು ದಿನ ಹಬ್ಬವಾದವನು ಮರುದಿನ ಕ್ರಮಕ್ಕೆ ಮರಳುವೆನೆಂದರೆ ಮರಳಲು ಅವನಿಗೆ ಕ್ರಮವೆಂಬುದು ಎಲ್ಲಿದೆ? ಮರಳುವುದಕ್ಕೆ ಒಂದು ಮನೆ ಬೇಕು. ನಿತ್ಯದ ಊಟ, ನಿತ್ಯದ ದುಡಿಮೆ, ನಿತ್ಯದ ಪೂಜೆಗಳಿಂದ ಆ ಮನೆಯನ್ನು ಮೊದಲೇ ಕಟ್ಟಿರಬೇಕು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬಿರಲಿಲ್ಲವೆಂಬುದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಹೆಚ್ಚಾದುದನ್ನು ಇಟ್ಟುಕೊಳ್ಳಲು ಅಲ್ಲಿ ಸ್ಥಳವೇ ಇರಲಿಲ್ಲ. ಗೃಹಸ್ಥನು ಅಂಥ ಅಂಗಿಯನ್ನು ತೊಡಲಾರನು. ತೊಡಬೇಕೆಂದು ಸ್ವಾಮಿಗಳು ಯಾರನ್ನೂ ಒತ್ತಾಯಿಸಿದವರಲ್ಲ. ಆದರೆ ಮನೆಯಲ್ಲಿ ತಿಂಡಿಯ ಡಬ್ಬಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಗೃಹಸ್ಥನ ಕೈಯಲ್ಲಿಯೇ ಇದೆ.

ಮದ್ಯದ ವಿಷಯಕ್ಕೆ ಈ ಮಾತುಗಳನ್ನು ಹಾಗೆಯೇ ಅನ್ವಯಿಸಬಾರದು. ಜಾತ್ರೆಯ ರಾತ್ರಿ ಕುಡಿದು, ಬೆಳಗ್ಗೆ ಎಂದಿನಂತೆ ಇರುವೆನೆನ್ನುವವನು ಬಹುತೇಕ ತನ್ನನ್ನೇ ವಂಚಿಸಿಕೊಳ್ಳುತ್ತಿರುತ್ತಾನೆ. ಅನ್ನಕ್ಕೆ ಮಿತವುಂಟು, ವ್ಯಸನಿಗೆ ಮದ್ಯದಲ್ಲಿ ಮಿತವೆಂಬುದು ಇಲ್ಲ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೋಗಿ, ಕಾಳನ್ನೂ ಕಾಸನ್ನೂ ಬೇಡದೆ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಜೋಳಿಗೆಯು ತಿರುಗಿತು. ಅಲ್ಲಿ ಬೇಕಾಗಿದ್ದುದು ಪೂರ್ಣತ್ಯಾಗ, ಅದರ ಜೊತೆಗೆ ವೈದ್ಯರ ನೆರವು ಮತ್ತು ನೆರೆಹೊರೆಯವರ ಆಸರೆ. ಆದರೆ ಹಾಗೆ ಬಿಟ್ಟವನು ಒಂದು ದಿನ ಎಡವಿದರೂ ಅವನು ಜೋಳಿಗೆಯ ಬಳಿಗೆ ಮರಳಿ ಬರಬಹುದಾಗಿರಬೇಕು. ಎಡವಿದವನನ್ನು ಓಣಿಯ ಮುಂದೆ ನಿಲ್ಲಿಸಿ ನಗುವ ಊರಿನಲ್ಲಿ ಯಾರೂ ಮರಳಿ ಬರಲಾರರು.

ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಈ ಭಾಗದ ಕೆರೆಗಳಿಗೆ ಕೃಷ್ಣೆಯ ನೀರು ಬಂದ ಮೇಲೆ ಇಲ್ಲಿಯ ರೈತರು ಒಂದು ಹೊಸ ಕಷ್ಟವನ್ನೂ ಕಂಡಿದ್ದಾರೆ. ವಿದ್ಯುತ್ತು ರಾತ್ರಿಯಲ್ಲಿ ಬರುತ್ತದೆ. ಪಂಪನ್ನು ಹಚ್ಚಿದವನಿಗೆ ನಿದ್ರೆ ಹತ್ತುತ್ತದೆ. ಬೆಳಗಾಗುವಾಗ ಹೊಲದಲ್ಲಿ ನೀರು ನಿಂತಿರುತ್ತದೆ. ಯರೆಮಣ್ಣು ನೀರನ್ನು ಬೇಗನೆ ಬಿಡುವ ಜಾತಿಯದಲ್ಲ. ಹಾಗೆಯೇ ಬಿಟ್ಟರೆ ಬೇರು ಕೊಳೆಯುತ್ತದೆ, ವರ್ಷಗಟ್ಟಲೆ ಹೀಗೆಯೇ ನಡೆದರೆ ನೆಲವೇ ಸವಳಾಗುತ್ತದೆ. ಆ ಬೆಳಗ್ಗೆ ಅನುಭವಸ್ಥನಾದ ಒಕ್ಕಲಿಗನು ಏನು ಮಾಡುತ್ತಾನೆ? ಬದುವಿನ ತಗ್ಗಿನ ಮೂಲೆಯಲ್ಲಿ ಮಡೆಯನ್ನು ಕಡಿದು ನಿಂತ ನೀರನ್ನು ಹರಿಯಬಿಡುತ್ತಾನೆ. ಮಣ್ಣು ಹದಕ್ಕೆ ಬರುವವರೆಗೆ ಕಾಯುತ್ತಾನೆ. ಹದಕ್ಕೆ ಬಂದ ಮೇಲೆ ಎಂದಿನ ಅಳತೆಯ ನೀರನ್ನೇ ಕೊಡುತ್ತಾನೆ. ನಿನ್ನೆ ಹೆಚ್ಚು ಕುಡಿಯಿತೆಂಬ ಸಿಟ್ಟಿಗೆ ತಿಂಗಳುಗಟ್ಟಲೆ ನೀರನ್ನು ನಿಲ್ಲಿಸಿ ದ್ರಾಕ್ಷಿಯ ತೋಟವನ್ನು ಒಣಗಿಸಿದ ರೈತನನ್ನು ತಿಕೋಟಾದಲ್ಲಿ ಯಾರೂ ಕಂಡಿಲ್ಲ. ಹೊಲದ ಬಗ್ಗೆ ಇಷ್ಟು ವಿವೇಕವುಳ್ಳವರು ಸ್ವಂತ ಶರೀರದ ಬಗ್ಗೆ ಅದನ್ನು ಮರೆಯುವುದು ವಿಚಿತ್ರವಾದರೂ ನಿಜ.

ಹಾಗಾದರೆ ಆ ಗೃಹಸ್ಥನ ಮರುದಿನವು ಹೇಗಿರಬೇಕು? ಎಂದಿನ ಹೊತ್ತಿಗೆ ಏಳುವುದು. ತಡವಾಗಿ ಮಲಗಿದ್ದರೂ ಏಳುವುದು. ನೀರು ಕುಡಿಯುವುದು. ವೈದ್ಯರು ಹೇಳಿದ ಮದ್ದನ್ನು ಹೆಚ್ಚಿಸದೆ, ಬಿಡದೆ, ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು. ಬೆಳಗಿನ ನಡಿಗೆಯನ್ನು ಎಂದಿನಷ್ಟೇ ನಡೆಯುವುದು; ನಿನ್ನೆಯದನ್ನು ಕರಗಿಸುವೆನೆಂದು ಮೂರು ಪಟ್ಟು ನಡೆದು ಮೊಣಕಾಲನ್ನು ಕೆಡಿಸಿಕೊಳ್ಳಬೇಕಾಗಿಲ್ಲ. ಹಸಿವು ನಿಜವಾಗಿ ಆಗದಿದ್ದರೆ, ಮದ್ದಿನ ನಿರ್ಬಂಧವಿಲ್ಲದವನು, ಮೊದಲ ಊಟವನ್ನು ಸ್ವಲ್ಪ ಮುಂದಕ್ಕೆ ಹಾಕಬಹುದು. ಅದು ಶಿಕ್ಷೆಯಲ್ಲ, ದೇಹದ ಮಾತನ್ನು ಕೇಳುವುದು. ಅನಂತರ ಒಂದೆರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿಸೊಪ್ಪು, ಮಜ್ಜಿಗೆ. ಉಂಡ ಮೇಲೆ ಮಲಗದೆ ನಾಲ್ಕು ಹೆಜ್ಜೆ ತಿರುಗಾಡಿದರೆ ರಕ್ತದಲ್ಲಿ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಇವುಗಳಲ್ಲಿ ಯಾವುದೂ ಹೊಸದಲ್ಲ. ಮೊನ್ನೆಯವರೆಗೆ ಅವನು ಮಾಡುತ್ತಿದ್ದುದೇ.

ಊಟಕ್ಕೆ ಮುನ್ನ ಪೂಜೆ. ಕರಡಿಗೆಯನ್ನು ತೆರೆಯಲು ಕೈ ಹಿಂಜರಿಯುತ್ತದೆಂಬುದನ್ನು ಮೇಲೆ ಹೇಳಿದೆ. ಆ ಹಿಂಜರಿಕೆಯನ್ನು ವಿನಯವೆಂದು ಅವನು ತಿಳಿದಿದ್ದಾನೆ. ಅದರ ಒಳಗೆ ಒಂದು ಸೂಕ್ಷ್ಮವಾದ ಅಹಂಕಾರವಡಗಿದೆ. ತಾನು ಎಂದೂ ತಪ್ಪದವನೆಂಬ ಚಿತ್ರವೊಂದನ್ನು ಅವನು ಕಟ್ಟಿಕೊಂಡಿದ್ದನು. ಈಗ ನೋಯುತ್ತಿರುವುದು ಆ ಚಿತ್ರ. ಇಷ್ಟಲಿಂಗಕ್ಕೆ ಆ ಚಿತ್ರದ ಗೊಡವೆಯಿಲ್ಲ. ಅಂಗೈಯ ಮೇಲಿನ ಲಿಂಗವು ನಿನ್ನೆಯೂ ಅವನ ಎದೆಯ ಮೇಲೆಯೇ ಇತ್ತು, ಐದನೆಯ ಹೋಳಿಗೆಯ ಹೊತ್ತಿನಲ್ಲಿಯೂ ಅಲ್ಲಿಯೇ ಇತ್ತು. ಅದರಿಂದ ಮರೆಮಾಡಬೇಕಾದುದು ಏನಿದೆ? ವಿಭೂತಿಯನ್ನು ಧರಿಸಿ, ಎಂದಿನಷ್ಟೇ ಹೊತ್ತು ಅವನು ಕುಳಿತುಕೊಳ್ಳಲಿ. ಹೆಚ್ಚು ಹೊತ್ತು ಬೇಡ. ಎರಡು ದಿನದ ಪೂಜೆಯನ್ನು ಒಂದೇ ದಿನದಲ್ಲಿ ತೀರಿಸಹೊರಟರೆ ಅದೂ ಲೆಕ್ಕಾಚಾರವೇ ಆದೀತು. ಆಮೇಲೆ ಎಡೆಯನ್ನು ಮುಂದಿಟ್ಟುಕೊಂಡು, ಮೊದಲನೆಯ ತುತ್ತನ್ನು ಮುರಿದು, ಅರ್ಪಿಸಿ, ನಿಧಾನವಾಗಿ ಅಗಿಯಲಿ. ಜೋಳದ ರೊಟ್ಟಿಗೂ ಒಂದು ಸವಿಯಿದೆ. ಹೋಳಿಗೆಯ ಮರುದಿನ ಅದು ಮೊದಲಿಗೆ ತಿಳಿಯುವುದಿಲ್ಲ, ಮೂರನೆಯ ನಾಲ್ಕನೆಯ ತುತ್ತಿಗೆ ತಿಳಿಯುತ್ತದೆ. ಅಷ್ಟರಲ್ಲಿ ಮನೆಯ ಹುಡುಗನು ಡಬ್ಬಿಯನ್ನು ಚೀಲದಲ್ಲಿಟ್ಟು ಸೈಕಲ್ಲಿಗೆ ತೂಗುಹಾಕಿಕೊಂಡು ಹೊಲದ ಕಡೆಗೆ ಹೊರಟಿರುತ್ತಾನೆ. ಕಸ ಕೀಳಲು ಬಂದ ಹೆಣ್ಣಾಳುಗಳು ಊಟಕ್ಕೆ ಕೂಡುವ ಹೊತ್ತು ಅದು.